ಎಲ್ಲ ಅರ್ಜಿದಾರರಿಗೂ ಹೊಂದಿಕೊಳ್ಳುವ ಅಂತರ್ಜಾಲ ಅರ್ಜಿ ನಮೂನೆಗಳು: ದೇರೆಬೈಲ್ ನಾಗರಿಕರ ಮಾಹಿತಿಗಾಗಿ

ಪೀಠಿಕೆ

ಮಂಗಳೂರು ನಗರದ ದೇರೆಬೈಲ್ ಪ್ರದೇಶದಲ್ಲಿ ತುಳು, ಕೊಂಕಣಿ, ಬ್ಯಾರಿ ಹಾಗೂ ಕನ್ನಡ ಮಾತನಾಡುವ ಕುಟುಂಬಗಳು ವಾಸವಾಗಿವೆ. ಸರ್ಕಾರಿ ಸೇವೆಗಳಿಗೆ ಕೆಲವರು ಗಣಕಯಂತ್ರದಿಂದಲೂ, ಕೆಲವರು ಮೊಬೈಲ್‌ನಿಂದಲೂ, ದೃಷ್ಟಿದೋಷವುಳ್ಳವರು ಪರದೆಯ ಪಠ್ಯವನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದಲೂ ಅರ್ಜಿ ಸಲ್ಲಿಸುತ್ತಾರೆ. ಇವರೆಲ್ಲರಿಗೂ ಪ್ರತ್ಯೇಕ ಜಾಲತಾಣದ ಅಗತ್ಯವಿಲ್ಲ. ಒಂದೇ ನಮೂನೆಯು ಬಳಕೆದಾರರಿಗೆ ತಕ್ಕಂತೆ ಹೊಂದಿಕೊಳ್ಳುವಂತಿದ್ದಲ್ಲಿ ಸಾಕು. ಹಾಗಿಲ್ಲದಿದ್ದಲ್ಲಿ ಅರ್ಹ ವ್ಯಕ್ತಿಯೂ ಪಿಂಚಣಿ ಅಥವಾ ಪ್ರಮಾಣಪತ್ರದಿಂದ ವಂಚಿತರಾಗುವ ಸಂಭವವಿರುತ್ತದೆ.

ನಮೂನೆಯಲ್ಲಿ ಇರಬೇಕಾದ ಅಂಶಗಳು

ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಸಂಸ್ಥೆಯು 2008ರಲ್ಲಿ ಪ್ರಕಟಿಸಿ, 2018ರಲ್ಲಿ ವಿಸ್ತರಿಸಿದ ಮಾರ್ಗಸೂಚಿಗಳ ಮುಖ್ಯಾಂಶಗಳು ಕೆಳಕಂಡಂತಿವೆ:

1. ಅಕ್ಷರಗಳನ್ನು ಶೇ. 200ರವರೆಗೆ ಹಿಗ್ಗಿಸಿದರೂ ಪಠ್ಯ ಮರೆಯಾಗಬಾರದು.
2. ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ನಡುವಿನ ವರ್ಣವ್ಯತ್ಯಾಸದ ಅನುಪಾತ ಕನಿಷ್ಠ 4.5:1 ಇರಬೇಕು.
3. ಕಿರಿದಾದ ಮೊಬೈಲ್ ಪರದೆಯಲ್ಲಿ ಸಾಲುಗಳನ್ನು ಓದಲು ಪುಟವನ್ನು ಅಡ್ಡಲಾಗಿ ಸರಿಸುವಂತಿರಬಾರದು.
4. ಮೌಸ್ ಇಲ್ಲದೆ, ಕೀಲಿಮಣೆಯಿಂದಲೇ ಅರ್ಜಿ ಪೂರ್ಣಗೊಳಿಸುವಂತಿರಬೇಕು.
5. ಕಾಲಮಿತಿ ಇದ್ದಲ್ಲಿ, ಅದು ಮುಗಿಯುವ ಮುನ್ನ ಎಚ್ಚರಿಕೆ ನೀಡಿ ವಿಸ್ತರಣೆಗೆ ಅವಕಾಶ ಕಲ್ಪಿಸಬೇಕು.
6. ತಪ್ಪನ್ನು ಕೆಂಪು ಬಣ್ಣದಿಂದ ಮಾತ್ರ ಸೂಚಿಸದೆ, ಯಾವ ಅಂಕಣದಲ್ಲಿ ಏನು ತಪ್ಪಾಗಿದೆಯೆಂದು ಬರಹದಲ್ಲಿ ತಿಳಿಸಬೇಕು.
7. ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ಪರೀಕ್ಷೆಗೆ (ಕ್ಯಾಪ್ಚಾ) ಧ್ವನಿಯಂತಹ ಪರ್ಯಾಯ ಇರಬೇಕು.

ಕನ್ನಡ ಪಠ್ಯ

ಕನ್ನಡ ಪಠ್ಯವು ಯೂನಿಕೋಡ್‌ನಲ್ಲಿದ್ದು, ಪುಟದ ಭಾಷೆ ಕನ್ನಡವೆಂದು ಸಂಕೇತದಲ್ಲಿ ನಮೂದಾಗಿದ್ದಲ್ಲಿ ಕನ್ನಡ ಧ್ವನಿಯುಳ್ಳ ತಂತ್ರಾಂಶವು ಅದನ್ನು ಸರಿಯಾಗಿ ಓದಬಲ್ಲದು. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳ ಪಠ್ಯವು ಕಣ್ಣಿಗೆ ಕನ್ನಡವಾಗಿ ಕಂಡರೂ, ತಂತ್ರಾಂಶಕ್ಕೆ ಅರ್ಥರಹಿತ ಇಂಗ್ಲಿಷ್ ಅಕ್ಷರಗಳಾಗಿಯೇ ದೊರೆಯುತ್ತದೆ. ಚಿತ್ರರೂಪದ ಸುತ್ತೋಲೆಗಳಿಗೂ ಇದೇ ತೊಡಕುಂಟು.

ವಾರ್ಡ್ ಆಯ್ಕೆ

ದೇರೆಬೈಲ್ ಉತ್ತರ, ದೇರೆಬೈಲ್ ದಕ್ಷಿಣ ಮುಂತಾಗಿ ಈ ಹೆಸರಿನ ವಾರ್ಡ್‌ಗಳು ಒಂದಕ್ಕಿಂತ ಹೆಚ್ಚಿವೆ. ಬರಿಯ ಪಟ್ಟಿ ನೀಡಿದಲ್ಲಿ ನಿವಾಸಿಗಳು ತಪ್ಪು ವಾರ್ಡ್ ಆರಿಸುವ ಸಾಧ್ಯತೆಯಿದೆ. ರಸ್ತೆ ಅಥವಾ ಬಡಾವಣೆಯ ಹೆಸರಿನಿಂದಲೂ ಹುಡುಕುವ ಸೌಲಭ್ಯವಿದ್ದಲ್ಲಿ ಈ ಗೊಂದಲ ನಿವಾರಣೆಯಾಗುತ್ತದೆ.

ಕಾನೂನಿನ ಆಧಾರ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 42ನೇ ಪ್ರಕರಣವು ವಿದ್ಯುನ್ಮಾನ ಮಾಹಿತಿಯನ್ನು ಎಲ್ಲರೂ ಬಳಸುವ ರೂಪದಲ್ಲಿ ಒದಗಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಸರ್ಕಾರಿ ಜಾಲತಾಣಗಳ ರಾಷ್ಟ್ರೀಯ ಮಾರ್ಗಸೂಚಿ ಮೊದಲು 2009ರಲ್ಲಿ ಪ್ರಕಟವಾಗಿ, 2018 ಮತ್ತು 2023ರಲ್ಲಿ ಪರಿಷ್ಕೃತಗೊಂಡಿದೆ. ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶವು ಸಂವಿಧಾನದ 21ನೇ ಅನುಚ್ಛೇದದ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್ 30ರಂದು ತೀರ್ಪು ನೀಡಿದೆ.

ಅರ್ಜಿದಾರರ ಗಮನಕ್ಕೆ

- ಗಣಕಯಂತ್ರದಲ್ಲಿ ಕಂಟ್ರೋಲ್ ಹಾಗೂ ಪ್ಲಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದಲ್ಲಿ ಅಕ್ಷರಗಳು ದೊಡ್ಡದಾಗುತ್ತವೆ.
- ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಟಾಕ್‌ಬ್ಯಾಕ್, ಐಫೋನ್‌ಗಳಲ್ಲಿ ವಾಯ್ಸ್‌ಓವರ್ ಸೌಲಭ್ಯವು ಪರದೆಯನ್ನು ಓದಿ ಹೇಳುತ್ತದೆ.
- ಕಾಲಮಿತಿಯುಳ್ಳ ನಮೂನೆಯನ್ನು ತೆರೆಯುವ ಮುನ್ನವೇ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು ಸೂಕ್ತ.
- ನಮೂನೆಯನ್ನು ಬಳಸಲಾಗದಿದ್ದಲ್ಲಿ, ತೊಡಕುಂಟಾದ ಪುಟ, ದಿನಾಂಕ ಮತ್ತು ಸಾಧನದ ವಿವರಗಳೊಂದಿಗೆ ಸಂಬಂಧಿಸಿದ ಇಲಾಖೆಗೆ ಲಿಖಿತ ದೂರು ನೀಡಬಹುದು. ವಿಕಲಚೇತನರು ರಾಜ್ಯ ಆಯುಕ್ತರಿಗೂ ದೂರು ಸಲ್ಲಿಸಬಹುದು.

ನಮೂನೆಯು ಹೊಂದಿಕೊಳ್ಳದಿರುವುದು ನಮೂನೆಯ ದೋಷವೇ ಹೊರತು ಅರ್ಜಿದಾರರ ಅನರ್ಹತೆಯಲ್ಲ.