ಮುಂದುವರಿದ ಕ್ಯಾನ್ಸರ್ ಮತ್ತು ಉಪಶಮನ ಆರೈಕೆ: ವೈದ್ಯರ ಧೋರಣೆಯ ಇತಿಹಾಸ

ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಯ ನೋವು, ಉಬ್ಬಸ, ವಾಂತಿ, ಕೊಳೆತ ಹುಣ್ಣು, ಭಯ, ಮನೆಯವರ ಕಂಗಾಲು ಇವನ್ನೆಲ್ಲ ತಗ್ಗಿಸಲು ನೀಡುವ ವೈದ್ಯಕೀಯ ನೆರವೇ ಉಪಶಮನ ಆರೈಕೆ. ಆಸ್ಪತ್ರೆಗಳಲ್ಲಿ ಇದಕ್ಕೆ ಪ್ಯಾಲಿಯೇಟಿವ್ ಕೇರ್ ಎಂದೇ ಹೆಸರು. ಇದಕ್ಕೆ ಬೇಕಾದ ಮುಖ್ಯ ಔಷಧಿ ಮಾರ್ಫಿನ್ 19ನೇ ಶತಮಾನದ ಆರಂಭದಿಂದಲೂ ವೈದ್ಯರ ಕೈಯಲ್ಲಿತ್ತು. ಅದನ್ನು ಕೊಡುವ ಮನಸ್ಸು ಬರಲು ಒಂದೂವರೆ ಶತಮಾನ ಹಿಡಿಯಿತು.

20ನೇ ಶತಮಾನದ ನಡುಭಾಗದಲ್ಲಿ ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಕೀಮೋಥೆರಪಿ ಬೆಳೆದಂತೆ, ಕ್ಯಾನ್ಸರ್ ಎಂದರೆ ಗೆಲ್ಲಬೇಕಾದ ಯುದ್ಧ ಎಂಬ ಭಾವನೆ ವೈದ್ಯರಲ್ಲಿ ಬಲವಾಯಿತು. ಸಾಯುತ್ತಿರುವ ರೋಗಿ ಆ ಯುದ್ಧದ ಸೋಲಿನ ಗುರುತಾದ. ರೌಂಡ್ಸ್‌ಗೆ ಬಂದ ವೈದ್ಯರು ಅಂಥವನ ಮಂಚದ ಬಳಿ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ರೋಗದ ಹೆಸರನ್ನು ಅವನಿಗೆ ಹೇಳುವುದೂ ವಾಡಿಕೆಯಲ್ಲಿರಲಿಲ್ಲ. 1961ರಲ್ಲಿ ಡೊನಾಲ್ಡ್ ಓಕನ್ ಷಿಕಾಗೋದ ಆಸ್ಪತ್ರೆಯೊಂದರ ಇನ್ನೂರಕ್ಕೂ ಹೆಚ್ಚು ವೈದ್ಯರನ್ನು ವಿಚಾರಿಸಿದಾಗ, ಶೇ. 90ರಷ್ಟು ಮಂದಿ ತಾವು ಸಾಮಾನ್ಯವಾಗಿ ರೋಗಿಗೆ ಕ್ಯಾನ್ಸರ್ ಎಂದು ತಿಳಿಸುವುದಿಲ್ಲ ಎಂದರು. ಅದೇ ಬಗೆಯ ಪ್ರಶ್ನಾವಳಿಯಿಂದ ಅಮೆರಿಕದ ಇನ್ನೊಂದು ಆಸ್ಪತ್ರೆಯಲ್ಲಿ ನಡೆದು 1979ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ. 97ರಷ್ಟು ವೈದ್ಯರು ತಿಳಿಸುವ ಪರವಾಗಿದ್ದರು. ವೈದ್ಯಲೋಕದ ಅಭಿಪ್ರಾಯ ಹದಿನೆಂಟು ವರ್ಷಗಳಲ್ಲಿ ಹೀಗೆ ಮಗುಚಿ ಬಿದ್ದ ಉದಾಹರಣೆಗಳು ವಿರಳ.

ಈ ನಡುವೆ ಲಂಡನ್ನಿನಲ್ಲಿ ಸಿಸೆಲಿ ಸಾಂಡರ್ಸ್ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಸಾಯುವವರ ಆರೈಕೆಯ ಮನೆ) ತೆರೆದಿದ್ದರು. ಅವರು ಮೊದಲು ದಾದಿ, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ. ಸಾಯುವವರ ಮಾತನ್ನು ವೈದ್ಯರು ಕೇಳಬೇಕಾದರೆ ತಾನೂ ವೈದ್ಯಳಾಗಲೇಬೇಕೆಂದು ಮೂವತ್ತು ದಾಟಿದ ಮೇಲೆ ವೈದ್ಯಕೀಯ ಓದಿದವರು. ಅವರ ಪದ್ಧತಿ ಸರಳವಾಗಿತ್ತು. ನೋವು ಬಂದು ರೋಗಿ ಕೂಗಿದ ಮೇಲೆ ಇಂಜೆಕ್ಷನ್ ಚುಚ್ಚುವ ಬದಲು, ನೋವು ಮರಳುವ ಮೊದಲೇ ಗಡಿಯಾರ ನೋಡಿಕೊಂಡು ನಾಲ್ಕು ಗಂಟೆಗೊಮ್ಮೆ ಬಾಯಿಂದಲೇ ಔಷಧಿ ಕುಡಿಸುವುದು. ದೇಹದ ನೋವಿನ ಜೊತೆಗೆ ಮನಸ್ಸಿನ, ಸಂಸಾರದ, ನಂಬಿಕೆಯ ನೋವನ್ನೂ ಸೇರಿಸಿ ಅವರು ‘ಸಮಗ್ರ ನೋವು’ ಎಂದರು. ಅಲ್ಲಿಗೆ ಹೋಗಿ ನೋಡಿಬಂದ ಕೆನಡಾದ ಶಸ್ತ್ರವೈದ್ಯ ಬಾಲ್ಫೋರ್ ಮೌಂಟ್ 1975ರಲ್ಲಿ ಮಾಂಟ್ರಿಯಲ್‌ನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯೊಳಗೇ ಇಂಥ ವಾರ್ಡ್ ಆರಂಭಿಸಿದರು. ಫ್ರೆಂಚಿನಲ್ಲಿ ‘ಹಾಸ್ಪಿಸ್’ ಎಂದರೆ ನಿರ್ಗತಿಕರ ಆಶ್ರಮದ ವಾಸನೆ ಹೊಡೆಯುತ್ತಿದ್ದುದರಿಂದ ‘ಪ್ಯಾಲಿಯೇಟಿವ್ ಕೇರ್’ ಎಂಬ ಹೆಸರನ್ನು ಚಾಲ್ತಿಗೆ ತಂದವರು ಅವರೇ. ಬ್ರಿಟನ್ 1987ರಲ್ಲಿ ಇದನ್ನು ಪ್ರತ್ಯೇಕ ವೈದ್ಯಕೀಯ ಶಾಖೆಯೆಂದು ಮಾನ್ಯ ಮಾಡಿತು. ಅಮೆರಿಕ 2006ರವರೆಗೆ ಕಾಯಿತು.

ವೈದ್ಯರ ಹಿಂಜರಿಕೆಯ ದೊಡ್ಡ ಭಾಗ ಮಾರ್ಫಿನ್ ಭಯ. ರೋಗಿಗೆ ಚಟ ಹತ್ತುತ್ತದೆ, ಉಸಿರು ನಿಲ್ಲುತ್ತದೆ, ಈಗಲೇ ಕೊಟ್ಟರೆ ಕೊನೆಗೆ ನಾಟುವುದಿಲ್ಲ ಎಂಬ ಮೂರು ಅಂಜಿಕೆಗಳು ಅದರಲ್ಲಿ ಸೇರಿದ್ದವು. ಕ್ಯಾನ್ಸರ್ ನೋವಿಗೆ ಸಣ್ಣ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಏರಿಸಿದರೆ ಅಪಾಯ ಕಡಿಮೆಯೆಂದೂ, ನಿತ್ಯ ಕಾಡುವುದು ಮಲಬದ್ಧತೆಯೇ ಹೊರತು ಚಟವಲ್ಲವೆಂದೂ ಅನುಭವ ತೋರಿಸಿತು. ಮಾರ್ಫಿನ್ ಚೀಟಿಯಲ್ಲಿ ಭೇದಿ ಮಾತ್ರೆಯನ್ನೂ ಬರೆಯುವವರು ಈ ವಿದ್ಯೆ ಬಲ್ಲವರೆಂದು ತಿಳಿಯಬಹುದು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಪ್ರಕಟಿಸಿದ ಮೂರು ಮೆಟ್ಟಿಲ ನೋವು ನಿವಾರಣಾ ಕ್ರಮ ಈ ತಿಳಿವನ್ನು ಸಾಮಾನ್ಯ ವೈದ್ಯರ ಮೇಜಿಗೆ ತಲುಪಿಸಿತು.

ಇನ್ನೊಂದು ಅಡ್ಡಿ ಆಶಾವಾದ. 2000ದಲ್ಲಿ ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಎಲಿಜಬೆತ್ ಲಮಾಂಟ್ ಹಾಸ್ಪಿಸ್ ಸೇರಿದ 468 ರೋಗಿಗಳ ಬಗ್ಗೆ 343 ವೈದ್ಯರು ಕಟ್ಟಿದ ಆಯುಷ್ಯದ ಅಂದಾಜನ್ನು ಪರಿಶೀಲಿಸಿದರು. ಸರಿಯಾಗಿದ್ದುದು ಶೇ. 20 ಮಾತ್ರ, ಶೇ. 63ರಲ್ಲಿ ವೈದ್ಯರು ರೋಗಿಯ ಆಯುಷ್ಯವನ್ನು ಇದ್ದದ್ದಕ್ಕಿಂತ ಹೆಚ್ಚೆಂದೇ ಎಣಿಸಿದ್ದರು. ರೋಗಿಯ ಪರಿಚಯ ಹಳೆಯದಾದಷ್ಟೂ ಅಂದಾಜು ತಪ್ಪುತ್ತಿತ್ತು. ಹೀಗಾಗಿ ಉಪಶಮನ ತಂಡಕ್ಕೆ ಕರೆ ಹೋಗುವ ಹೊತ್ತಿಗೆ ರೋಗಿಗೆ ಉಳಿಯುತ್ತಿದ್ದುದು ಕೆಲವೇ ವಾರ, ಕೆಲವೊಮ್ಮೆ ದಿನಗಳು.

ಹೆಸರೂ ವೈದ್ಯರನ್ನು ಹೆದರಿಸುತ್ತಿತ್ತು. ಅಮೆರಿಕದ ಹ್ಯೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರ 2007ರಲ್ಲಿ ತನ್ನ ಉಪಶಮನ ಸೇವೆಯ ಹೆಸರಿನಿಂದ ‘ಪ್ಯಾಲಿಯೇಟಿವ್’ ತೆಗೆದು ‘ಸಪೋರ್ಟಿವ್ ಕೇರ್’ ಎಂದಿಟ್ಟಿತು. ಆ ಸೇವೆಗೆ ಕಳುಹಿಸಲಾಗುವ ರೋಗಿಗಳ ಸಂಖ್ಯೆ, ಮುಖ್ಯವಾಗಿ ವಾರ್ಡುಗಳಿಂದ ಬರುವವರಿಂದಾಗಿ, ಶೇ. 41ರಷ್ಟು ಏರಿತು. ಬೋರ್ಡು ಬದಲಾದುದಕ್ಕೇ ಇಷ್ಟು ಪರಿಣಾಮವಾಯಿತೆಂದರೆ ವೈದ್ಯರ ಧೋರಣೆ ಎಷ್ಟರ ಮಟ್ಟಿಗೆ ಪದದ ಭಯವಾಗಿತ್ತೆಂಬುದು ತಿಳಿಯುತ್ತದೆ. ಗಟ್ಟಿ ಪುರಾವೆ ಬಂದದ್ದು 2010ರಲ್ಲಿ, ಬಾಸ್ಟನ್ನಿನಿಂದ. ಜೆನಿಫರ್ ಟೆಮೆಲ್ ಮತ್ತು ಸಂಗಡಿಗರು ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ರೋಗ ಪತ್ತೆಯಾದ ಹೊಸತರಲ್ಲೇ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಉಪಶಮನ ಆರೈಕೆಯನ್ನೂ ಕೊಟ್ಟರು. ಆ ಗುಂಪಿನವರಲ್ಲಿ ಖಿನ್ನತೆ ಕಡಿಮೆಯಿತ್ತು; ಕೊನೆಗಾಲದಲ್ಲಿ ಉಗ್ರ ಚಿಕಿತ್ಸೆ ಪಡೆದವರು ಕಡಿಮೆಯಿದ್ದರೂ ಅವರ ಮಧ್ಯಾಂಕ ಆಯುಷ್ಯ 11.6 ತಿಂಗಳು, ಇನ್ನೊಂದು ಗುಂಪಿನದು 8.9. ಆಮೇಲಿನ ಎಲ್ಲ ಅಧ್ಯಯನಗಳು ಆಯುಷ್ಯದ ಲಾಭವನ್ನು ತೋರಿಸಿಲ್ಲ. ಆದರೂ ಉಪಶಮನ ಎಂದರೆ ಕೈಚೆಲ್ಲುವುದು ಎಂಬ ವಾದ ಅಲ್ಲಿಗೆ ದುರ್ಬಲವಾಯಿತು.

ಭಾರತದಲ್ಲಿ ಮೊದಲ ಹಾಸ್ಪಿಸ್ ಆದ ಶಾಂತಿ ಅವೇದನಾ 1986ರಲ್ಲಿ ಮುಂಬೈಯಲ್ಲಿ ಆರಂಭವಾಯಿತು. ಅದರ ಹಿಂದಿನ ವರ್ಷವಷ್ಟೇ ಜಾರಿಗೆ ಬಂದಿದ್ದ ಮಾದಕ ವಸ್ತು ಕಾಯ್ದೆಯಡಿ ಮಾರ್ಫಿನ್ ಇಟ್ಟುಕೊಳ್ಳಲು ಹಲವು ಲೈಸೆನ್ಸ್ ಬೇಕಾದವು. ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಕಾನೂನುಬದ್ಧವಾಗಿ ಅಫೀಮು ಬೆಳೆದು ರಫ್ತು ಮಾಡುವ ದೇಶದ ಆಸ್ಪತ್ರೆಗಳಿಂದಲೇ ಮಾರ್ಫಿನ್ ಮಾಯವಾಯಿತು. ಅದನ್ನು ಬರೆದೇ ನೋಡದ ವೈದ್ಯರ ಒಂದು ತಲೆಮಾರು ಬೆಳೆಯಿತು. ‘ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ’ ಎಂದು ಬಾಗಿಲ ಹೊರಗೆ ತಡೆದು ನಿಲ್ಲಿಸುವ ಮಕ್ಕಳು, ‘ಇನ್ನು ಮಾಡುವುದೇನಿಲ್ಲ, ಮನೆಗೆ ಕರಕೊಂಡು ಹೋಗಿ’ ಎನ್ನುವ ವೈದ್ಯರು ಇಲ್ಲಿನ ವಾರ್ಡುಗಳಿಗೆ ಹೊಸಬರಲ್ಲ.

ಕಲ್ಲಿಕೋಟೆಯಲ್ಲಿ 1993ರಲ್ಲಿ ಎಂ.ಆರ್. ರಾಜಗೋಪಾಲ್, ಸುರೇಶ್ ಕುಮಾರ್ ಮೊದಲಾದವರು ಕಟ್ಟಿದ ಸಂಘ ಉಪಶಮನ ಆರೈಕೆಯ ಕೆಲಸವನ್ನು ಊರಿನವರ ಕೈಗೆ ಕೊಟ್ಟಿತು. ಬೆಂಗಳೂರಿನಲ್ಲಿ ಕರುಣಾಶ್ರಯ 1990ರ ದಶಕದಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ನೀಡುತ್ತಿದೆ. 2012ರಲ್ಲಿ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಈ ವಿಷಯದ ಎಂ.ಡಿ. ಪದವಿ ಶುರುವಾಯಿತು; ಮಾದಕ ವಸ್ತು ಕಾಯ್ದೆಯ 2014ರ ತಿದ್ದುಪಡಿ ಮಾರ್ಫಿನ್ ಲೈಸೆನ್ಸಿನ ಗೋಜಲನ್ನು ಬಿಡಿಸಿತು. ಎಂಬಿಬಿಎಸ್ ಪಠ್ಯಕ್ರಮದಲ್ಲಿ ಉಪಶಮನ ಆರೈಕೆಗೆ ಜಾಗ ಸಿಕ್ಕಿದ್ದು 2019ರಲ್ಲಿ. ಇಂದು ವೃತ್ತಿಯಲ್ಲಿರುವ ವೈದ್ಯರಲ್ಲಿ ಬಹುಪಾಲು ಮಂದಿ ಅದಕ್ಕೂ ಮೊದಲೇ ಕಾಲೇಜು ಸೇರಿದವರು.