ಮೂರು ಸೀಲಿನ ಮಂದಿರ

ನಮ್ಮ ಭಜನಾ ಮಂದಿರದ ತಗಡಿನ ಪೆಟ್ಟಿಗೆಯಲ್ಲಿ ಮೂರು ರಬ್ಬರ್ ಸೀಲುಗಳಿವೆ. ಹಿಡಿ ಮುರಿದದ್ದರಲ್ಲಿ ‘ಪುತ್ತೂರು ತಾಲೂಕು’ ಎಂದಿದೆ, ಶಾಯಿ ಹಿಡಿದು ಕಪ್ಪಾದದ್ದರಲ್ಲಿ ‘ಸುಳ್ಯ ತಾಲೂಕು’, ಹೊಸತರಲ್ಲಿ ‘ಕಡಬ ತಾಲೂಕು’. ಮಂದಿರ ಮಾತ್ರ ಇದ್ದ ಜಾಗದಿಂದ ಒಂದಡಿ ಕದಲಿಲ್ಲ. 1960ರ ದಶಕದಲ್ಲಿ ಪುತ್ತೂರಿನಿಂದ ಸುಳ್ಯ ಬೇರೆಯಾಯಿತು. 2018ರಲ್ಲಿ ಕಡಬ ತಾಲೂಕಾದಾಗ ಎಡಮಂಗಲದ ಸುತ್ತಿನ ನಾವು ಸುಳ್ಯದಿಂದ ಕಡಬಕ್ಕೆ ಬಂದೆವು. 1834ರಲ್ಲಿ ಬ್ರಿಟಿಷರು ಕೊಡಗನ್ನು ಹಿಡಿಯುವ ತನಕ ಸುಳ್ಯ ಸೀಮೆ ಕೊಡಗಿನ ಅರಸರದ್ದು. ಆಗಿನವರಿಗೆ ಸೀಲು ಮಾಡಿಸುವ ಚಟ ಇದ್ದಿದ್ದರೆ ಪೆಟ್ಟಿಗೆಯಲ್ಲಿ ನಾಲ್ಕನೆಯದೂ ಇರುತ್ತಿತ್ತು.

ಈ ಪೆಟ್ಟಿಗೆ ಇಪ್ಪತ್ತೆರಡು ವರ್ಷ ನನ್ನ ಮನೆಯಲ್ಲಿತ್ತು. ಆಗ ನಾನು ಮಂದಿರದ ಕೋಶಾಧಿಕಾರಿ. ಹೊಟ್ಟೆಪಾಡಿಗೆ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿ ಹಗಲು ಲೆಕ್ಕ, ಇಲ್ಲಿ ರಾತ್ರಿ ಲೆಕ್ಕ. ಮಂದಿರದ ಚರಿತ್ರೆ ಬರೆದುಕೊಡಿ ಎಂದು ಹುಡುಗರು ಹೇಳಿದಾಗ ನನಗೆ ನೆನಪಾದದ್ದು ದೇವರ ಪಟವಲ್ಲ, ರಶೀದಿ ಪುಸ್ತಕ.

ನಮ್ಮ ಮೂರು ತಾಲೂಕುಗಳಲ್ಲಿ ಊರಿನ ಸಭಾಭವನ ಎಂದರೆ ಹೆಚ್ಚಿನ ಕಡೆ ಭಜನಾ ಮಂದಿರವೇ. ಶುಕ್ರವಾರ ಸಂಜೆ ಮಾತ್ರ ಅದು ದೇವರದ್ದು. ಉಳಿದ ದಿನ ಮಕ್ಕಳಿಗೆ ಚುಚ್ಚುಮದ್ದು ಹಾಕುವುದು ಅಲ್ಲಿ, ದನಗಳ ಡಾಕ್ಟ್ರು ಬರುವುದು ಅಲ್ಲಿಗೆ, ಸ್ವಸಹಾಯ ಸಂಘದ ವಾರದ ಸಭೆ, ಬಡವರ ಮನೆಯ ಮದುವೆಯ ಊಟ, ಯಾರಾದರೂ ತೀರಿಕೊಂಡರೆ ಸಂತಾಪ ಸಭೆ, ಮಳೆಗಾಲದಲ್ಲಿ ತಾಳಮದ್ದಳೆ. ಮೊಸರುಕುಡಿಕೆಯ ದಿನ ಹಗ್ಗಜಗ್ಗಾಟಕ್ಕೆ ಹಗ್ಗ ಹೊರಬರುವುದೂ ಅಲ್ಲಿಂದಲೇ.

ಇದಕ್ಕೂ ಮೊದಲು ಊರು ಸೇರುತ್ತಿದ್ದದ್ದು ದೊಡ್ಡ ಮನೆಯ ಚಾವಡಿಯಲ್ಲಿ. ಚಾವಡಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ಅವರು ಹುಟ್ಟುವ ಮೊದಲೇ ತೀರ್ಮಾನವಾಗಿರುತ್ತಿತ್ತು. ಕೆಲವರು ಮೇಲೆ, ಕೆಲವರು ಜಗಲಿಯಲ್ಲಿ, ಕೆಲವರು ಅಂಗಳದಲ್ಲಿ, ಇನ್ನು ಕೆಲವರು ಅಂಗಳದ ಆಚೆ. ನನ್ನ ಅಪ್ಪ ಗೇಣಿ ಒಕ್ಕಲು. ಚಾವಡಿಯ ಜಗಲಿಯಲ್ಲಿ ಅವರಿಗೊಂದು ಕಂಬವಿತ್ತು, ಅದಕ್ಕೆ ಒರಗಿ ನಿಲ್ಲುತ್ತಿದ್ದರು. ಕೂತದ್ದನ್ನು ನಾನು ನೋಡಿಲ್ಲ.

ಅಂಥವರು ಏಳೆಂಟು ಮಂದಿ ಸೇರಿ ಒಂದು ಗುಡಿಸಲು ಹಾಕಿದರು. ಮುಳಿಹುಲ್ಲಿನ ಮಾಡು, ಮಡಲಿನ ತಟ್ಟಿ, ಸಗಣಿ ಸಾರಿಸಿದ ನೆಲ, ಒಂದು ಪಟ, ಎರಡು ಜೊತೆ ತಾಳ. ಗ್ಯಾಸ್‌ಲೈಟನ್ನು ಅಂಗಡಿಯ ಬ್ಯಾರಿಗಳಿಂದ ಶುಕ್ರವಾರಕ್ಕೆ ಸಾಲ ತರುತ್ತಿದ್ದರು. ಮ್ಯಾಂಟಲ್ ಸುಟ್ಟರೆ ಅದರ ಖರ್ಚು ಮಂದಿರದ್ದು. ನನಗೆ ನೆನಪಿರುವ ಮೊದಲ ವಾಸನೆ ಅದೇ, ಸೀಮೆಎಣ್ಣೆ ಮತ್ತು ಒದ್ದೆ ಹುಲ್ಲಿನದು. ಆ ಗುಡಿಸಲಲ್ಲಿ ಅಪ್ಪ ಚಾಪೆಯ ಮೇಲೆ ಕೂರುತ್ತಿದ್ದರು.

ಮನೆಯಲ್ಲಿ ನಮ್ಮದು ಅರೆಭಾಷೆ. ಅಂಗಡಿಯಲ್ಲಿ ತುಳು. ಪಕ್ಕದ ಭಟ್ರ ಮನೆಯಲ್ಲಿ ಹವ್ಯಕ ಕನ್ನಡ. ಭಜನೆ ಮಾತ್ರ ದಾಸರ ಕನ್ನಡದಲ್ಲಿ. ಶಾಲೆಯ ಮುಖ ನೋಡದ ನನ್ನ ಅಪ್ಪನಿಗೆ ಪುರಂದರದಾಸರ ನಲವತ್ತು ಹಾಡು ಬಾಯಿಗೆ ಬರುತ್ತಿತ್ತು. ಅರ್ಥ ಕೇಳಿದರೆ ಗದರುತ್ತಿದ್ದರು.

ಈಗ ಸ್ವಲ್ಪ ದೂರ ಹೋಗಬೇಕು, ಯಾಕೆಂದರೆ ನಮ್ಮೂರಿನವರಿಗೆ ಲೆಕ್ಕ ಬರೆಯುವ ಬುದ್ಧಿ ಬಂದದ್ದು ದೇವರಿಂದಲ್ಲ, ಪುತ್ತೂರಿನಿಂದ. ಮೊಳಹಳ್ಳಿ ಶಿವರಾಯರು 1909ರಲ್ಲಿ ಅಲ್ಲಿ ಸಹಕಾರ ಸಂಘ ಕಟ್ಟಿದರು. 1914ರಲ್ಲಿ ಜಿಲ್ಲೆಗೆ ಸಹಕಾರಿ ಕೇಂದ್ರ ಬ್ಯಾಂಕು ಹುಟ್ಟಿದ್ದೂ ಪುತ್ತೂರಿನಲ್ಲೇ. ಅದು ಮಂಗಳೂರಿಗೆ ಹೋದದ್ದು 1925ರಲ್ಲಿ. ಹಳ್ಳಿಹಳ್ಳಿಗೆ ಬಂದ ಸೊಸೈಟಿಗಳ ಜೊತೆ ಒಂದು ಹೊಸ ಪದ್ಧತಿಯೂ ಬಂತು: ವರ್ಷಕ್ಕೊಮ್ಮೆ ಮಹಾಸಭೆ ಕರೆದು, ಜಮೆ ಖರ್ಚು ಎಲ್ಲರೆದುರು ಓದಬೇಕು. ಓದು ಬಾರದ ಸದಸ್ಯನೂ ಎದ್ದು ನಿಂತು ಪ್ರಶ್ನೆ ಕೇಳಬಹುದು. ಚಾವಡಿಯಲ್ಲಿ ಯಾರೂ ಯಜಮಾನರ ಲೆಕ್ಕ ಕೇಳಿದ್ದಿಲ್ಲ. ಮಂದಿರ ಕಟ್ಟಿದವರು ಸೊಸೈಟಿಯ ಈ ಕ್ರಮವನ್ನು ಹಾಗೇ ಎತ್ತಿ ತಂದು ಭಜನೆಯ ಪಕ್ಕದಲ್ಲಿ ಇಟ್ಟರು. ನನ್ನ ಕೇಳಿದರೆ ಮಂದಿರಕ್ಕೆ ಅಡಿಗಲ್ಲು ಬಿದ್ದದ್ದು ಅಂದೇ.

ಅದೇ ಪುತ್ತೂರಿನಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ದಸರೆಗೆ ನಾಡಹಬ್ಬ ನಡೆಸಿದರು, ಪರ್ಲಡ್ಕದ ಬಾಲವನದಲ್ಲಿ ಮಕ್ಕಳಿಗೆ ಶಾಲೆ ಮಾಡಿದರು, ನಾಟಕ, ಕುಣಿತ ಕಲಿಸಿದರು. ಊರಿನ ಜನ ಒಂದು ಕಡೆ ಸೇರಿ ನಾಟಕ ನೋಡುವುದಕ್ಕೆ ಜಾತ್ರೆಯೇ ಆಗಬೇಕೆಂದಿಲ್ಲ ಎಂಬುದು ಆಗ ಹಲವರಿಗೆ ಹೊಸ ಸಂಗತಿ. ಕಾರಂತರು ದೇವರ ಭಜನೆಗೆ ಕೂರುವ ಮನುಷ್ಯ ಅಲ್ಲವೇ ಅಲ್ಲ. ಆದರೂ ನಮ್ಮ ಮಂದಿರದಲ್ಲಿ ಗಣೇಶ ಚೌತಿಗೆ ಪರದೆ ಕಟ್ಟಿ ನಾಟಕ ಆಡುತ್ತಿದ್ದ ಹುಡುಗರಿಗೆ ಆ ಗಾಳಿ ಎಲ್ಲಿಂದ ಬೀಸಿತೆಂದು ನನಗೆ ಸಂಶಯವಿಲ್ಲ.

ಗೋಡೆ ಬಂದದ್ದು ಬಹಳ ಮೇಲೆ. 1970ರ ಸುಮಾರಿಗೆ ಅಡಿಕೆಗೆ ರೇಟೇ ಇರಲಿಲ್ಲ, ಮನೆಯ ಮಾಡಿಗೇ ಹುಲ್ಲಿಲ್ಲದವರು ಮಂದಿರಕ್ಕೆ ಹಂಚು ಎಲ್ಲಿಂದ ತರುವುದು? 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಬಂತು, ಅಡಿಕೆಗೆ ಒಂದು ಆಧಾರವಾಯಿತು. ಮರುವರ್ಷ ಭೂಮಸೂದೆ ಜಾರಿಗೆ ಬಂದು ಒಕ್ಕಲುಗಳು ಡಿಕ್ಲರೇಶನ್ ಹಾಕಿದರು. ಅಪ್ಪನಿಗೂ ಎರಡೆಕ್ರೆ ಸಿಕ್ಕಿತು. ಭೂಮಿ ಕಳಕೊಂಡ ಧಣಿಗಳ ಮನೆಗೂ, ಪಡಕೊಂಡ ಒಕ್ಕಲುಗಳ ಮನೆಗೂ ಕೆಲವು ವರ್ಷ ಮಾತುಕತೆ ನಿಂತುಹೋಗಿತ್ತು. ಆಗ ಎರಡೂ ಕಡೆಯವರು ಒಂದೇ ಸೂರಿನಡಿ ಕಾಣಸಿಗುತ್ತಿದ್ದದ್ದು ಶುಕ್ರವಾರ ಮಾತ್ರ. ಮಾತಾಡುತ್ತಿರಲಿಲ್ಲ. ಹಾಡುತ್ತಿದ್ದರು.

ಮಂಗಳೂರು–ಹಾಸನ ರೈಲಿನ ಹಳಿ ನಮ್ಮ ಕಡೆ ಹಾಯ್ದು 1979ರಲ್ಲಿ ದಾರಿ ಪೂರ್ತಿಯಾಯಿತು. ಆ ಕೆಲಸಕ್ಕೆ ಹೋದವರು ಒಂದೊಂದು ದಿನದ ಕೂಲಿಯನ್ನು ಮಂದಿರಕ್ಕೆ ಬರೆಸಿದರು. ಮುರಕಲ್ಲನ್ನು ಕೋರೆಯಿಂದ ತಲೆಹೊರೆಯಲ್ಲಿ ತಂದೆವು. ಒಂದು ಕಲ್ಲಿಗೆ ಒಂದು ತಲೆ. ತಲೆಗೆ ಹಾಳೆಟೊಪ್ಪಿ ಸಾಲದೆ ಬೈರಾಸು ಸುತ್ತಿ ಸಿಂಬಿ ಮಾಡಿಕೊಂಡರೂ ಕೆಂಪು ನೀರು ಬೆನ್ನಿಗೆ ಇಳಿಯುತ್ತಿತ್ತು. ಪಕ್ಕಾಸು, ರೀಪಿಗೆ ಮರ ಕೊಟ್ಟದ್ದು ಭೂಮಿ ಕಳಕೊಂಡ ಮನೆಯವರೇ. ಗಂಜಿ, ಚಟ್ನಿ ಬೈಲುವಾರು: ಒಂದು ಭಾನುವಾರ ಮೇಲಿನ ಬೈಲು, ಮುಂದಿನದಕ್ಕೆ ಹೊಳೆಬದಿಯ ಬೈಲು. ಯಾವ ಬೈಲಿನ ಚಟ್ನಿಯಲ್ಲಿ ತೆಂಗಿನಕಾಯಿ ಕಡಿಮೆ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ.

ಸಾರಣೆ ಆಗಲು ಇನ್ನೂ ಮೂರು ಮಳೆಗಾಲ ಹಿಡಿಯಿತು.

ಈಗ ನನ್ನ ಮಾನ ಕಳೆದ ಕಥೆ. ನಾನು ಕೋಶಾಧಿಕಾರಿಯಾದ ಎರಡನೇ ವರ್ಷ, ಮಂಗಲೋತ್ಸವದ ಮರುದಿನ ಲೆಕ್ಕ ಓದುತ್ತಿದ್ದೆ. ನಗರಭಜನೆಗೆ ಮನೆಮನೆಗೆ ಹೋದಾಗ ಬಂದ ಅಕ್ಕಿ, ತೆಂಗಿನಕಾಯಿ, ದುಡ್ಡು, ಎಲ್ಲ ಹೆಸರು ಸಮೇತ. ಓದಿ ಮುಗಿಸಿ ಪುಸ್ತಕ ಮುಚ್ಚುವಾಗ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದರು. ಬೀಡಿ ಕಟ್ಟಿ ಬದುಕುತ್ತಿದ್ದ ಒಂಟಿ ಹೆಂಗಸು. “ಎನ್ನ ಐನ್ ರೂಪಾಯಿ ಓಲುಂಡು ಮಗಾ?” ನನ್ನ ಐದು ರೂಪಾಯಿ ಎಲ್ಲಿದೆ ಎಂದು ಕೇಳಿದ್ದು. ಪುಸ್ತಕದಲ್ಲಿರಲಿಲ್ಲ. ನಗರಭಜನೆಯ ರಾತ್ರಿ ಅವರ ಮನೆಯಲ್ಲಿ ಚಾ ಕುಡಿದು, ರಶೀದಿ ನಾಳೆ ಬರೆಯುತ್ತೇನೆಂದು ಹೇಳಿ ಮರೆತಿದ್ದೆ. ಹಣ ಒಟ್ಟಿನಲ್ಲಿ ಸೇರಿತ್ತು, ಹೆಸರು ಸೇರಿರಲಿಲ್ಲ. ನಾನು ಹಾಗೆ ಹೇಳಿದೆ. “ದುಡ್ಡು ಇದೆಯಲ್ಲ ಅಜ್ಜೀ” ಎಂದು ಯಾರೋ ನಕ್ಕರು. ಅಜ್ಜಿ ಕೂರಲಿಲ್ಲ. ಅಧ್ಯಕ್ಷರು ನನ್ನ ಕೈಗೆ ಪೆನ್ನು ಕೊಟ್ಟು, ಬರೆದು, ಮೊದಲಿನಿಂದ ಮತ್ತೆ ಓದಿ ಎಂದರು. ಮುಕ್ಕಾಲು ಗಂಟೆ ಓದಿದೆ. ಒಬ್ಬರೂ ಎದ್ದು ಹೋಗಲಿಲ್ಲ. ಅಜ್ಜಿಯ ಹೆಸರು ಬಂದಾಗ ಅವರು ಕೂತರು, ಸಂಚಿಯಿಂದ ಎಲೆ ತೆಗೆದು ಸುಣ್ಣ ಹಚ್ಚತೊಡಗಿದರು.

ಅಂದಿನಿಂದ ರಶೀದಿ ಬರೆಯದೆ ನಾನು ಯಾರ ಮನೆಯಲ್ಲೂ ಚಾ ಕುಡಿದಿಲ್ಲ.

ಚಾಪೆ ಎಲ್ಲರಿಗೂ ಒಂದೇ ಆಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಮಡಿಕೇರಿ ಕಡೆಯಿಂದ ಇಳಿದು ಸುಳ್ಯ, ಪುತ್ತೂರು ಹಾದು ಮಂಗಳೂರಿಗೆ ಹೋದರು. ಅದಾಗಿ ನಲವತ್ತು ವರ್ಷ ಕಳೆದರೂ ದಲಿತರ ಕಾಲನಿಯವರು ನಮ್ಮ ಗುಡಿಸಲಿನ ಅಂಗಳದಲ್ಲೇ ನಿಂತು ಪ್ರಸಾದ ತೆಗೆದುಕೊಳ್ಳುತ್ತಿದ್ದರು. ನಗರಭಜನೆಯ ದೀಪ ಕಾಲನಿಗೆ ಹೋಗುತ್ತಿರಲಿಲ್ಲ. ಕಲ್ಲು ಹೊರುವಾಗ ಅವರ ತಲೆ ಬೇಕಾಯಿತು. ಕಲ್ಲು ಹೊತ್ತವರು ಮಾಡು ಮುಚ್ಚಿದ ಮೇಲೆ ಹೊರಗೆ ನಿಲ್ಲಲು ಒಪ್ಪಲಿಲ್ಲ. ಬದಲಾವಣೆ ಯಾರ ಉಪದೇಶದಿಂದಲೂ ಬರಲಿಲ್ಲ, ಅವರು ನೇರ ಒಳಗೆ ಬಂದು ಕೂತರು, ಅಷ್ಟೆ. ಎರಡು ಮನೆಯವರು ಒಂದು ವರ್ಷ ಮಂದಿರಕ್ಕೆ ಬರಲಿಲ್ಲ, ಆಮೇಲೆ ಬಂದರು. ಇಂದು ನಮ್ಮ ಕುಣಿತ ಭಜನೆಯ ಮಕ್ಕಳಲ್ಲಿ ತಾಳದ ಲಯ ಎಲ್ಲರಿಗಿಂತ ಗಟ್ಟಿಯಾಗಿರುವುದು ಕಾಲನಿಯ ಒಬ್ಬಳು ಹುಡುಗಿಯದು.

ಹೆಂಗಸರ ಪ್ರವೇಶವೂ ಹೀಗೇ ಹಿಂಬಾಗಿಲಿಂದ. ಮೊದಲು ಅವರು ಅಡುಗೆ ಕೊಟ್ಟಿಗೆಯಲ್ಲಿ ಅವಲಕ್ಕಿ ಕಲಸುವುದಕ್ಕೆ ಮಾತ್ರ. 1982ರಲ್ಲಿ ಬೆಳ್ತಂಗಡಿಯಲ್ಲಿ ಶುರುವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮುಂದೆ ನಮ್ಮ ಕಡೆಗೂ ಹಬ್ಬಿ, ಸರಕಾರದ ಸ್ತ್ರೀಶಕ್ತಿ ಸಂಘಗಳೂ ಬಂದು, ವಾರದ ಸಭೆಗೆ ಅವರಿಗೆ ಜಾಗ ಬೇಕಾಯಿತು. ಮಂದಿರದ ಬೀಗದ ಕೈ ಅವರ ಕೈಗೆ ಹೋಯಿತು. ಈಗ ಶುಕ್ರವಾರ ಹಾಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಅವರೇ. ಅಡಿಕೆಗೆ ಮದ್ದು ಬಿಡುವ ಆಷಾಢದಲ್ಲಂತೂ ಗಂಡಸರು ಮೈಗೆಲ್ಲ ಮೈಲುತುತ್ತು ಮೆತ್ತಿಕೊಂಡು ಮನೆಯಲ್ಲಿ ಮಲಗಿರುತ್ತಾರೆ.

ನಡೆಸುವುದು ಕಟ್ಟುವುದಕ್ಕಿಂತ ಕಷ್ಟ. ಪ್ರತಿ ಏಪ್ರಿಲಿನಲ್ಲಿ ಹಂಚು ಇಳಿಸಿ, ಪಾಚಿ ಉಜ್ಜಿ, ಒಡೆದದ್ದು ಬದಲಿಸಬೇಕು. ಒಡೆಯುವುದು ಮಳೆಯಲ್ಲ, ಮಂಗಗಳು. ಆದಾಯಕ್ಕೆ ನಾಲ್ಕು ದಾರಿ: ಮನೆಗೊಂದು ಕಿಲೊ ಅಡಿಕೆ, ನಗರಭಜನೆಯ ಕಾಣಿಕೆ, ಕೊಪ್ಪರಿಗೆ, ಸಟ್ಟುಗ, ಕುರ್ಚಿಗಳ ಬಾಡಿಗೆ, ಮತ್ತೆ ಮಂಗಲೋತ್ಸವದ ಏಲಂ. ಏಲಂ ಎಂದರೆ ಊರಿಗೆ ನಾಟಕ ಇದ್ದ ಹಾಗೆ. ಒಂದು ಕುಂಬಳಕಾಯಿಯನ್ನು ಒಬ್ಬರು ಕೂಗಿ ಪಡೆದು, ಹಣ ಕೊಟ್ಟು, ಮತ್ತೆ ಮಂದಿರಕ್ಕೇ ಬಿಡುತ್ತಾರೆ, ಅದು ಪುನಃ ಏಲಂಗೆ ಬರುತ್ತದೆ. ಒಂದೇ ಕುಂಬಳ ಐದು ಸಲ ಮಾರಿಹೋದದ್ದುಂಟು. ಕೊನೆಗೆ ಮರುದಿನದ ಸಾಂಬಾರಿಗೆ ಬೀಳುತ್ತದೆ.

ಸರಕಾರದ ಅನುದಾನ ಯಾಕೆ ಕೇಳಿಲ್ಲ ಎಂದು ಹುಡುಗರು ಕೇಳುತ್ತಾರೆ. ಕೇಳಿದ್ದೇವೆ. ಅರ್ಜಿಗೆ ಪಹಣಿ ಬೇಕು. ಮಂದಿರ ನಿಂತದ್ದು ಕುಮ್ಕಿಯಲ್ಲಿ. ಪಕ್ಕದ ವರ್ಗ ಜಾಗದವರಿಗೆ ಕುಮ್ಕಿಯಿಂದ ಸೊಪ್ಪು, ಸೌದೆ ತರುವ ಹಕ್ಕುಂಟೇ ಹೊರತು ಒಡೆತನ ಸರಕಾರದ್ದು. ಜಾಗ ಬಿಟ್ಟುಕೊಟ್ಟ ಪುಣ್ಯಾತ್ಮರು ತಮ್ಮದಲ್ಲದ್ದನ್ನು ಬಾಯಿಮಾತಿನಲ್ಲಿ ಕೊಟ್ಟರು, ನಾವು ಬಾಯಿಮಾತಿನಲ್ಲಿ ತಗೊಂಡೆವು. 1960ರ ಸಂಘಗಳ ಕಾಯಿದೆಯಂತೆ ಸಂಘದ ನೋಂದಣಿ ಇದೆ, ವರ್ಷವರ್ಷ ಲೆಕ್ಕ ಸಲ್ಲಿಸುತ್ತೇವೆ, ನೆಲ ಮಾತ್ರ ನಮ್ಮ ಹೆಸರಿನಲ್ಲಿಲ್ಲ. ಅಂಗಳಕ್ಕೆ ಶೀಟಿನ ಚಪ್ಪರವೊಂದು ಹೇಗೋ ಮಂಜೂರಾಯಿತು, ಅದರ ಕಥೆ ಬೇಡ.

ಕಾಗದ ಸರಿ ಇದ್ದ ಕಡೆ ಏನಾಯಿತು ಎಂಬುದನ್ನೂ ಕಂಡಿದ್ದೇನೆ. ಹತ್ತಿರದ ಒಂದೂರಿನಲ್ಲಿ ದೊಡ್ಡ ಮೊತ್ತದ ಸಮುದಾಯ ಭವನ ಎದ್ದಿದೆ. ಟೈಲ್ಸಿನ ನೆಲ, ಗೋಡೆಯಲ್ಲಿ ಅಮೃತಶಿಲೆಯ ಫಲಕ. ಬೀಗಕ್ಕೆ ತುಕ್ಕು. ಒಳಗೆ ಯಾರದ್ದೋ ಅಡಿಕೆ ಗೋಣಿ. ಆ ಕಟ್ಟಡಕ್ಕೆ ಐದು ರೂಪಾಯಿ ಕೊಟ್ಟವರು ಊರಲ್ಲಿ ಒಬ್ಬರೂ ಇಲ್ಲ, ಹಾಗಾಗಿ ಕೇಳುವವರೂ ಇಲ್ಲ.

2020ರಲ್ಲಿ ಕೊರೊನಾ ಬಂದಾಗ ಮಂದಿರ ಮುಚ್ಚಿತು. ಶುಕ್ರವಾರ ದೀಪ ಇಡಲು ಒಬ್ಬರು ಮಾತ್ರ ಹೋಗುತ್ತಿದ್ದೆವು, ಸರದಿಯಂತೆ. ಆ ವರ್ಷದ ಲೆಕ್ಕವನ್ನೂ ಓದಿದೆವು, ಮುಂದಿನ ವರ್ಷದ ಜೊತೆ ಸೇರಿಸಿ. ಜಮೆಗಿಂತ ಖರ್ಚು ಹೆಚ್ಚು. ಖರ್ಚಿನಲ್ಲಿ ಮೊದಲನೆಯದು ದೀಪದ ಎಣ್ಣೆ, ಎರಡನೆಯದು ಕರೆಂಟ್ ಬಿಲ್ಲು.

ಕಳೆದ ವರ್ಷ ಪೆಟ್ಟಿಗೆಯನ್ನು ಹೊಸ ಕೋಶಾಧಿಕಾರಿಗೆ ಒಪ್ಪಿಸಿದೆ. ಬಿ.ಕಾಂ. ಓದಿದ ಹುಡುಗಿ, ಆ ಬೀಡಿ ಅಜ್ಜಿಯ ಅಕ್ಕನ ಮೊಮ್ಮಗಳು. ಲೆಕ್ಕವೆಲ್ಲ ಈಗ ಕಂಪ್ಯೂಟರಿನಲ್ಲಿ. ಓದುವುದು ಮಾತ್ರ ನಿಂತುಕೊಂಡು, ಗಟ್ಟಿಯಾಗಿ. ಪೆಟ್ಟಿಗೆ ಕೊಡುವಾಗ ಹಳೆಯ ಪುಸ್ತಕಗಳನ್ನು ಬಿಚ್ಚಿ ನೋಡಿದೆವು. ಗುಡಿಸಲ ಕಾಲದ ಮೊದಲ ಪುಸ್ತಕ ಗೆದ್ದಲ ಪಾಲಾಗಿದೆ, ಉಳಿದದ್ದು ಹನ್ನೊಂದು ಹಾಳೆ. ಅದರಲ್ಲೊಂದು ಕಡೆ ಅಪ್ಪನ ಹೆಸರು, ಮುಂದೆ ‘ಕಾಯಿ 2, ಮುಳಿಹುಲ್ಲು 1 ಕಟ್ಟ’.

ನಿಮ್ಮೂರಿನ ಮಂದಿರದ ಹಳೆಯ ಪುಸ್ತಕ ಯಾರ ಮನೆಯ ಅಟ್ಟದಲ್ಲಿದೆಯೋ ಕೇಳಿ ನೋಡಿ. ಈ ಮಳೆಗಾಲಕ್ಕೆ ಮೊದಲು ಇಳಿಸಿ ಬಿಸಿಲಿಗೆ ಹಾಕಿ.