ಮೌಸ್

ಗಣಕಯಂತ್ರದ ತೆರೆಯ ಮೇಲಣ ಸೂಚಕವನ್ನು ಕೈಯ ಚಲನೆಯಿಂದ ನಡೆಯಿಸುವ ಸಾಧನ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟನು ಕಲ್ಪಿಸಿ, ಆತನ ಸಹೋದ್ಯೋಗಿಯಾದ ಬಿಲ್ ಇಂಗ್ಲಿಷನು 1964ರಲ್ಲಿ ನಿರ್ಮಿಸಿದ ಮೊದಲ ಮಾದರಿಯು, ಪರಸ್ಪರ ಲಂಬವಾಗಿ ಜೋಡಿಸಿದ ಎರಡು ಚಕ್ರಗಳನ್ನೂ ಒಂದೇ ಗುಂಡಿಯನ್ನೂ ಉಳ್ಳ ಮರದ ಚಿಕ್ಕ ಪೆಟ್ಟಿಗೆಯಾಗಿದ್ದಿತು; ಮೇಜಿನ ಮೇಲೆ ಅದನ್ನು ಸರಿಸಿದಾಗ ಒಂದು ಚಕ್ರವು ಅಡ್ಡಚಲನೆಯನ್ನೂ ಇನ್ನೊಂದು ಉದ್ದಚಲನೆಯನ್ನೂ ಅಳೆಯುತ್ತಿದ್ದಿತಾಗಿ, ಅವುಗಳ ಭ್ರಮಣವೇ ವಿದ್ಯುತ್ಸಂಕೇತವಾಗಿ ಪರಿಣಮಿಸಿ ತೆರೆಯ ಮೇಲೆ ಸೂಚಕದ ಸ್ಥಾನವನ್ನು ನಿರ್ಣಯಿಸುತ್ತಿದ್ದಿತು. ಬೆಳಕಿನ ಲೇಖನಿ, ಜಾಯ್‌ಸ್ಟಿಕ್, ಮೊಣಕಾಲಿನಿಂದ ನಡೆಯಿಸುವ ಸಾಧನ ಇವುಗಳೊಡನೆ ಹೋಲಿಸಿ ಪರೀಕ್ಷಿಸಿದಾಗ, ಅಭ್ಯಾಸವುಳ್ಳವರ ಕೈಯಲ್ಲಿ ಮೌಸೇ ಶ್ರೇಷ್ಠವೆಂದು ಕಂಡುಬಂದಿತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದ ವಿದ್ವತ್ಸಭೆಯೊಂದರಲ್ಲಿ ಎಂಗೆಲ್‌ಬಾರ್ಟನು ಇದನ್ನು ಬಹಿರಂಗವಾಗಿ ಪ್ರಯೋಗಿಸಿ ತೋರಿದನು. ಮಾನವಬುದ್ಧಿಯ ಸಾಮರ್ಥ್ಯವನ್ನು ಯಂತ್ರದ ನೆರವಿನಿಂದ ವೃದ್ಧಿಗೊಳಿಸಬೇಕೆಂಬುದು ಆತನ ಜೀವಮಾನದ ಸಂಕಲ್ಪವಾಗಿದ್ದು, ಮೌಸ್ ಅದರ ಒಂದು ಅಂಗಮಾತ್ರವಾಗಿದ್ದಿತು. ಆ ಸಂಕಲ್ಪವನ್ನು ಮರೆತು ಸಾಧನವೊಂದನ್ನೇ ಸ್ಮರಿಸುವುದು ಅವನ ಪ್ರತಿಭೆಗೆ ತಕ್ಕ ಗೌರವವೆನಿಸಲಾರದು. 1968ರಲ್ಲಿಯೇ ಜರ್ಮನಿಯ ಟೆಲಿಫಂಕೆನ್ ಸಂಸ್ಥೆಯು ಚಕ್ರಗಳಿಗೆ ಬದಲಾಗಿ ಉರುಳುವ ಗೋಲವುಳ್ಳ ಮೌಸನ್ನು ಹೊರತಂದಿತು. 1984ರಲ್ಲಿ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ ಗಣಕದ ಮೂಲಕ ಮೌಸ್ ಜನಸಾಮಾನ್ಯರಲ್ಲಿ ಪ್ರಚುರವಾಯಿತು. ಇತ್ತೀಚಿನ ಮೌಸುಗಳಲ್ಲಿ ಗೋಲವಿಲ್ಲ. ಕೆಳಗಿನ ಮೇಲ್ಮೈಯನ್ನು ಬೆಳಕಿನಿಂದ ಬೆಳಗಿ, ಕ್ಷಣಕ್ಷಣಕ್ಕೂ ಅದರ ಚಿತ್ರಗಳನ್ನು ಗ್ರಹಿಸಿ, ಅವುಗಳೊಳಗಣ ವ್ಯತ್ಯಾಸದಿಂದಲೇ ಚಲನೆಯನ್ನು ಗಣಿಸಲಾಗುತ್ತದೆ.